ನೀರು ಬಂದ ಮೇಲೆ ಎದ್ದ ಪೆಟ್ಟಿಗೆ

ಅಕ್ಕಾರು ತೀರಿಕೊಂಡ ಸುದ್ದಿಯನ್ನು ಅವರ ಯಜಮಾನರೇ ಫೋನ್ ಮಾಡಿ ಹೇಳಿದರು. ಕಿತ್ತೂರಿನಲ್ಲಿ ನನ್ನ ಮನೆ ಹೆದ್ದಾರಿಗೆ ಹತ್ತಿರ. ಲಾರಿಗಳ ಸದ್ದಿನಲ್ಲಿ ಅವರ ಸಣ್ಣ ದನಿ ಮುಳುಗಿ ಹೋಗುತ್ತಿತ್ತು. "ಆಕಿ ಹ್ವಾದ್ಳ್ರಿ ಸರ," ಅಂದದ್ದು ಸರಿಯಾಗಿಯೇ ಕೇಳಿಸಿದ್ದರೂ ಇನ್ನೊಮ್ಮೆ ಕೇಳಿದೆ. ಅವರು ಬೇಸರವಿಲ್ಲದೆ ಇನ್ನೊಮ್ಮೆ ಹೇಳಿದರು.

ಬೈಲಹೊಂಗಲದ ಅವರ ಮನೆಗೆ ಹೋದಾಗ ಅಂಗಳದ ತುಂಬ ಹಳೆಯ ವಿದ್ಯಾರ್ಥಿಗಳು ನಿಂತಿದ್ದರು. ಕೆಲವರ ತಲೆ ಆಗಲೇ ನೆರೆತಿತ್ತು. ಯಾರೂ ಜೋರಾಗಿ ಅಳುತ್ತಿರಲಿಲ್ಲ. ಅಲ್ಲಲ್ಲಿ ನಾಲ್ಕೈದು ಜನ ಸೇರಿ ಅವರ ಒಂದೊಂದು ಮಾತು ನೆನೆಸುತ್ತ, ನಕ್ಕು, ನಕ್ಕದ್ದಕ್ಕೆ ಸಂಕೋಚಪಟ್ಟು ಸುಮ್ಮನಾಗುತ್ತಿದ್ದರು. ನನಗೂ ಹಾಗೆಯೇ ಆಗುತ್ತಿತ್ತು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅವರಿಗೆ ಸರಿ ಬರುತ್ತಿರಲಿಲ್ಲ.

ನಮ್ಮ ಪಾಲಿಟೆಕ್ನಿಕ್ಕಿನಲ್ಲಿ ಉಳಿದ ಎಲ್ಲ ಉಪನ್ಯಾಸಕಿಯರೂ ಮೇಡಂಗಳು. ಇವರೊಬ್ಬರೇ ಅಕ್ಕಾರು. ಶಾಲೆಯ ಶಿಕ್ಷಕಿಯರನ್ನು ಅಕ್ಕಾರು ಎಂದೇ ಕರೆಯುವ ಹಳ್ಳಿಗಳಿಂದ ಬಂದ ಹುಡುಗರು ಬಾಯಿತಪ್ಪಿ ಹಾಗೆ ಕರೆದಿರಬೇಕು. ಇವರು ತಿದ್ದಲಿಲ್ಲ. ಕ್ರಮೇಣ ಜವಾನನಿಂದ ಹಿಡಿದು ಪ್ರಾಂಶುಪಾಲರವರೆಗೆ ಎಲ್ಲರ ಬಾಯಲ್ಲೂ ಅದೇ ಹೆಸರು ನಿಂತಿತು. ಅವರು ಕಂಪ್ಯೂಟರ್ ವಿಭಾಗದವರು, ನಾನು ಎಲೆಕ್ಟ್ರಾನಿಕ್ಸ್. ವಯಸ್ಸಿನಲ್ಲಿ ನನಗಿಂತ ಬಹಳ ದೊಡ್ಡವರು.

ಎತ್ತರದ, ಸಪೂರ ಮೈಯ ಹೆಂಗಸು. ಉಡುತ್ತಿದ್ದದ್ದು ಕೈಮಗ್ಗದ ಸೀರೆ ಮಾತ್ರ. ರಾಮದುರ್ಗದ ನೇಕಾರರ ಮನೆಯಲ್ಲಿ ಬೆಳೆದವರಾದ್ದರಿಂದ ಬಟ್ಟೆ ಕಂಡರೆ ಕೈ ಸುಮ್ಮನಿರುತ್ತಿರಲಿಲ್ಲ. ಎದುರಿಗೆ ನಿಂತವರ ಸೆರಗಿನ ತುದಿಯನ್ನೋ ಅಂಗಿಯ ತೋಳನ್ನೋ ಎರಡು ಬೆರಳಲ್ಲಿ ಹಿಡಿದು ತಿಕ್ಕಿ ನೋಡಿ, ನೂಲು ಎಂಥದ್ದೆಂದು ಮನಸ್ಸಿನಲ್ಲೇ ತೀರ್ಮಾನ ಮಾಡಿಕೊಂಡು ಬಿಡುತ್ತಿದ್ದರು. ಒಮ್ಮೆ ತಪಾಸಣೆಗೆ ಬಂದ ದೊಡ್ಡ ಅಧಿಕಾರಿಯೊಬ್ಬರು ಗಂಭೀರವಾಗಿ ಏನೋ ಕೇಳುತ್ತಿದ್ದಾಗ ಇವರ ಬೆರಳು ಅವರ ಕೋಟಿನ ತುದಿಗೆ ಹೋಗಿತ್ತು. ಅಧಿಕಾರಿ ಗಾಬರಿಯಾಗಿ ಹಿಂದೆ ಸರಿದರು. ಅಕ್ಕಾರು ಕೈ ಬಿಟ್ಟು, ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರ ಕೊಟ್ಟರು.

ಕ್ಲಾಸಿಗೆ ಬಂದರೆ ಮೊದಲು ಬೋರ್ಡು ಒರೆಸುತ್ತಿದ್ದರು. ಸ್ವಚ್ಛವಾಗಿದ್ದರೂ ಒರೆಸುತ್ತಿದ್ದರು. ಬೆನ್ನು ಹುಡುಗರ ಕಡೆಗೆ. ಗದ್ದಲ ಮಾಡಬೇಡಿ ಎಂದು ಒಂದು ದಿನವೂ ಅಂದವರಲ್ಲ. ಸದ್ದು ತಾನಾಗಿಯೇ ಇಳಿದ ಮೇಲೆ ತಿರುಗಿ, ನಿನ್ನೆ ಬಿಟ್ಟ ವಾಕ್ಯದ ಮುಂದಿನ ವಾಕ್ಯದಿಂದ ಶುರು ಮಾಡುತ್ತಿದ್ದರು. ಲ್ಯಾಬಿನಲ್ಲಿ ಕಂಪ್ಯೂಟರಿನ ಗುಂಡಿ ಒತ್ತಿ, ಮಗಳನ್ನು ಎಬ್ಬಿಸುವ ಹಾಗೆ "ಏಳವಾ," ಅನ್ನುತ್ತಿದ್ದರು. ಹಳೆಯ ಯಂತ್ರಗಳು ಏಳಲು ಬಹಳ ಹೊತ್ತು ತೆಗೆದುಕೊಳ್ಳುತ್ತಿದ್ದವು. ಅಷ್ಟೂ ಹೊತ್ತು ತೆರೆಯ ಮೇಲೆ ಓಡುವ ಸಾಲುಗಳನ್ನು ಓದುತ್ತ ನಿಂತಿರುತ್ತಿದ್ದರು. ನಮಗೆಲ್ಲ ಅದು ಕಾಯುವ ಹೊತ್ತು, ಅವರಿಗೆ ಅದೇ ಪಾಠ.

ಕಂಪ್ಯೂಟರ್ ಏಳುವಾಗ ಒಳಗೆ ಏನಾಗುತ್ತದೆ ಎನ್ನುವುದು ಅವರ ಮೆಚ್ಚಿನ ಅಧ್ಯಾಯವಾಗಿತ್ತು. ಬೇರೆ ವಿಭಾಗದವನಾದ ನಾನೂ ಒಂದು ಸಲ ಹಿಂದಿನ ಬೆಂಚಿನಲ್ಲಿ ಕೂತು ಕೇಳಿದ್ದೇನೆ. ಕರ್ನಲ್ ಅಂದರೆ ಯಂತ್ರದ ಯಜಮಾನಿಕೆ ನಡೆಸುವ ಮೂಲ ತಂತ್ರಾಂಶ. ಕೀಲಿಮಣೆ, ಗಡಿಯಾರ, ತಂತಿಯಲ್ಲಿ ಬರುವ ಸುದ್ದಿ, ಎಲ್ಲವೂ ಅದನ್ನು ಕೂಗಿ ಕರೆಯುತ್ತವೆ. ಆ ಕೂಗಿಗೆ ಇಂಟರಪ್ಟ್ ಎಂದು ಹೆಸರು. ಕೂಗು ಬಂದ ಕೂಡಲೆ ಕರ್ನಲ್ ಕೈಯಲ್ಲಿದ್ದ ಕೆಲಸ ಬಿಟ್ಟು, ಯಾರು ಕರೆದರು, ಅದನ್ನು ನೋಡಿಕೊಳ್ಳುವವರು ಯಾರು ಎಂದು ಹುಡುಕಿ ಅವರಿಗೆ ಒಪ್ಪಿಸಬೇಕು. ಆದರೆ ಕರ್ನಲ್ ತಾನೇ ಇನ್ನೂ ಎದ್ದು ಕೂಡುತ್ತಿರುವಾಗ ಕೂಗು ಬಂದರೆ?

"ಹೊಸಾ ಮನಿಗೆ ಈಗಷ್ಟ ಬಂದೀರಿ," ಅಂದಿದ್ದರು. "ಒಲಿ ಹೂಡಿಲ್ಲ, ಕೊಡದಾಗ ನೀರಿಲ್ಲ. ಅಷ್ಟರಾಗ ಬೀಗರು ಬಂದು ಬಾಗಲಾ ಬಡದ್ರ ಏನ್ ಮಾಡ್ತೀರಿ? ಹಿಂದಿನವರು ಬಾಗಲ ಮ್ಯಾಲ 'ನಾಳೆ ಬಾ' ಅಂತ ಬರೀತಿದ್ದರಲ್ಲ, ಕರ್ನಲ್ಲೂ ಹಂಗ ಬರಕೊಂಡ ಏಳತೈತಿ. ಎಲ್ಲಾ ಅಣಿ ಆದ ಮ್ಯಾಲ ಅಳಸ್ತೈತಿ."

ಹುಡುಗರು ನಕ್ಕರು. ಮೊದಲು ಕಿವಿ ಮುಚ್ಚಿಕೊಳ್ಳಬೇಕು, ಕೆಲಸದವರನ್ನೆಲ್ಲ ಅವರವರ ಜಾಗದಲ್ಲಿ ಕೂಡಿಸಬೇಕು, ಆಮೇಲೆ ಕಿವಿ ತೆರೆಯಬೇಕು. ಈ ಕ್ರಮ ತಪ್ಪಿದರೆ, ಕರೆದವರ ಹಿಂದೆ ಹೋದ ಕರ್ನಲ್ಲು, ಇನ್ನೂ ಕಟ್ಟಿಯೇ ಇರದ ಮನೆಯೊಳಗೆ ಕಾಲಿಟ್ಟು ಬೀಳುತ್ತದೆ. ಇಷ್ಟನ್ನು ಅವರು ಒಂದು ಇಡೀ ತಾಸು ಬಿಡಿಸಿ ಬಿಡಿಸಿ ಹೇಳಿದ್ದರು.

ನಮ್ಮಿಬ್ಬರಿಗೆ ಸ್ನೇಹವಾದದ್ದು ಬೆಸುಗೆಯಿಂದ. ಐವತ್ತು ದಾಟಿದ ಮೇಲೆ ಒಂದು ದಿನ ನನ್ನ ಲ್ಯಾಬಿಗೆ ಬಂದು, ಬೆಸುಗೆ ಹಾಕುವುದನ್ನು ಕಲಿಸುತ್ತೀರಾ ಎಂದು ಕೇಳಿದರು. ಮೊದಲ ವಾರ ಬೆರಳು ಸುಟ್ಟುಕೊಂಡರು. ನೇಕಾರರ ಕೈ, ಬೇಗ ಕಲಿಯಿತು. ಕಲಿತದ್ದು ಯಾಕೆಂದು ಆಮೇಲೆ ಗೊತ್ತಾಯಿತು.

ರಾಮದುರ್ಗದಲ್ಲಿ ಅವರನ್ನು ಸಾಕಿದ ದೊಡ್ಡವ್ವನ ಮನೆ ಒಂದು ತಗ್ಗಿನ ಓಣಿಯಲ್ಲಿತ್ತು. ಓಣಿಯ ಬೆನ್ನಿಗೇ ಒಂದು ಹಳ್ಳ ಹರಿದು ಮಲಪ್ರಭೆಗೆ ಸೇರುತ್ತದೆ. ನದಿ ತುಂಬಿದಾಗ ಹಳ್ಳದ ನೀರು ಹೋಗಲು ದಾರಿ ಇಲ್ಲದೆ ಹಿಂದಕ್ಕೆ ಉಬ್ಬಿ ಓಣಿಗೆ ಬರುತ್ತದೆ. ಅಲ್ಲಿನವು ಕುಣಿಮಗ್ಗಗಳು. ನೇಯುವವರು ಕಾಲು ಇಳಿಬಿಟ್ಟು ಕೂಡುವ ಕುಣಿ ನೆಲದೊಳಗೇ ಇರುತ್ತದೆ. ಹೀಗಾಗಿ ನೀರು ಮೊದಲು ತುಂಬುವುದು ಮಗ್ಗದ ಕುಣಿಯನ್ನು. ಮೊದಲಿನಿಂದಲೂ ಮಳೆಗಾಲದಲ್ಲಿ ಓಣಿಯವರು ಪಾಳಿಯ ಮೇಲೆ ಹಳ್ಳದ ಕಟ್ಟೆಯಲ್ಲಿ ಒಬ್ಬೊಬ್ಬರಾಗಿ ಕೂತು ನೀರು ಕಾಯುತ್ತಿದ್ದರು.

ಅಕ್ಕಾರು ಅಲ್ಲಿಗೆ ಒಂದು ಕೂಗುವ ಪೆಟ್ಟಿಗೆ ಮಾಡೋಣ ಎಂದರು. ಮೊದಲು ನಾನು ಬಹಳ ಸರಳವಾದದ್ದನ್ನು ಕಟ್ಟಿದೆ. ನೀರಿನ ಜೊತೆ ಮೇಲೇಳುವ ಒಂದು ಫ್ಲೋಟು, ಅದಕ್ಕೊಂದು ಸ್ವಿಚ್ಚು, ತಂತಿ, ಸೈರನ್. ಎಮ್ಮೆ ಹಳ್ಳಕ್ಕಿಳಿದು ನೀರು ಕಲಕಿದರೂ ಅದು ಕೂಗುತ್ತಿತ್ತು. ಬೇಸತ್ತ ಜನ ತಂತಿಯನ್ನೇ ಕಿತ್ತಿಟ್ಟರು. ಆಗ ಅಕ್ಕಾರು ಅಂಗೈಯಗಲದ ಕಂಪ್ಯೂಟರ್ ಬೋರ್ಡೊಂದನ್ನು ತರಿಸಿದರು. ಫ್ಲೋಟು ಕರೆದರೆ, ಆ ಬೋರ್ಡು ಇದು ಎಮ್ಮೆಯ ಅಲೆಯೋ ನಿಜವಾಗಿ ಏರುತ್ತಿರುವ ನೀರೋ ಎಂದು ನೋಡಿ, ನಿಜವಾದರೆ ಮಾತ್ರ ಸೈರನ್ ಕೂಗಿಸಬೇಕು. ಅದಕ್ಕೆ ಬೇಕಾದ ಪ್ರೋಗ್ರಾಮನ್ನು ಅವರೇ ಕೂತು ಬರೆದರು. ಫ್ಲೋಟು, ಬ್ಯಾಟರಿ, ಬೆಸುಗೆ ನನ್ನ ಪಾಲಿಗೆ ಬಂದವು. ಚಿತ್ರಕಲೆಯ ಮಾಸ್ತರರಾದ ಅವರ ಯಜಮಾನರು ಪೆಟ್ಟಿಗೆಗೆ ಹಳದಿ ಬಣ್ಣ ಬಳಿದುಕೊಟ್ಟರು.

ಉದ್ಘಾಟನೆಗೆ ಪ್ರಾಂಶುಪಾಲರು ಬಂದು ಭಾಷಣ ಮಾಡಿದರು. ದೊಡ್ಡವ್ವ ಪೆಟ್ಟಿಗೆಗೆ ಕುಂಕುಮ ಹಚ್ಚಿ ಲಿಂಬೆಹಣ್ಣು ಕಟ್ಟಿದಳು. ಬಕೆಟ್ಟಿನಲ್ಲಿ ನೀರು ತಂದು ಫ್ಲೋಟು ಮುಳುಗಿಸಿದೆವು. ಸೈರನ್ ಕೂಗಿತು. ಮಕ್ಕಳು ಕಿವಿ ಮುಚ್ಚಿಕೊಂಡು ಕುಣಿದರು.

ಮುಂದಿನ ಮಳೆಗಾಲದಲ್ಲಿ ನೀರು ಬಂತು. ಪೆಟ್ಟಿಗೆ ಕೂಗಲಿಲ್ಲ.

ಬಿಡದೆ ಸುರಿದ ಮಳೆಗೆ ಓಣಿಯ ಕರೆಂಟು ಹೋಗಿತ್ತು. ಬಹಳ ಹೊತ್ತು ಬರಲಿಲ್ಲವಾದ್ದರಿಂದ ಪೆಟ್ಟಿಗೆಯೊಳಗಿನ ಬ್ಯಾಟರಿಯೂ ಬರಿದಾಗಿತ್ತು. ನಸುಕಿನಲ್ಲಿ ಕರೆಂಟು ಬಂತು. ಹಳದಿ ಪೆಟ್ಟಿಗೆಯ ದೀಪ ಹತ್ತಿದ್ದನ್ನು ಯಾರೋ ಕಿಟಕಿಯಿಂದ ನೋಡಿ, ಇನ್ನು ಚಿಂತೆಯಿಲ್ಲ ಎಂದು ಮತ್ತೆ ಮಲಗಿದರಂತೆ. ಬೆಳಕು ಹರಿಯುವಷ್ಟರಲ್ಲಿ ಮನೆಗಳೊಳಗೆ ನೀರಿತ್ತು. ಜೀವಹಾನಿಯಾಗಲಿಲ್ಲ. ದೊಡ್ಡವ್ವನ ಮನೆಯ ಪಕ್ಕದಲ್ಲಿ ಒಬ್ಬ ಲಾರಿ ಡ್ರೈವರನ ಸಂಸಾರವಿತ್ತು. ಅವನ ತಂದೆ ಹಾಸಿಗೆ ಹಿಡಿದಿದ್ದರು. ಮಗ ಊರಲ್ಲಿರಲಿಲ್ಲ. ಸೊಸೆ ಕೂಗಿಕೊಂಡ ಮೇಲೆ ನೆರೆಯವರು ಸೇರಿ ಮುದುಕರನ್ನು ಮಂಚಸಮೇತ ಹೊತ್ತು ಹೊರಗೆ ತಂದರು. ಮಗ್ಗಗಳ ಮೇಲೆ ಉದ್ದಕ್ಕೆ ಹೂಡಿದ್ದ ನೂಲು, ಅಂದರೆ ಹಾಸೆಲ್ಲ, ರಾಡಿಯಲ್ಲಿ ಹಾಳಾಯಿತು.

ಕಾಲೇಜಿನಲ್ಲಿ ಎಲ್ಲರ ಅನುಮಾನ ಬಂದದ್ದು ನನ್ನ ಫ್ಲೋಟಿನ ಮೇಲೆ. ಜಾಯಿಂಟಿನಲ್ಲಿ ನೀರಿಳಿದು ಸ್ವಿಚ್ಚು ಕೆಟ್ಟಿರಬೇಕು ಎಂದು ಪ್ರಾಂಶುಪಾಲರೇ ಅಂದರು. ನನಗೂ ಹಾಗೆಯೇ ಅನ್ನಿಸಿತು. ಊಟಕ್ಕೆ ಕೂತರೆ ಆ ಮಂಚ ಕಣ್ಣ ಮುಂದೆ ಬರುತ್ತಿತ್ತು. ಅಕ್ಕಾರು ಮಾತ್ರ ಪೆಟ್ಟಿಗೆಯನ್ನು ಬಿಚ್ಚಿ ತರಿಸಿ ಲ್ಯಾಬಿನ ಮೇಜಿನ ಮೇಲಿಟ್ಟರು.

ಮಧ್ಯಾಹ್ನವೆಲ್ಲ ಪರೀಕ್ಷೆ ಮಾಡಿದೆವು. ಪೆಟ್ಟಿಗೆ ಹಚ್ಚುವುದು, ಅದು ಎದ್ದ ಮೇಲೆ ಫ್ಲೋಟನ್ನು ಬಕೆಟ್ಟಿನ ನೀರಿನಲ್ಲಿ ಬಿಡುವುದು. ಪ್ರತಿ ಸಲವೂ ಕೂಗಿತು. ನನ್ನ ಗೊಂದಲ ಹೆಚ್ಚಿತು. ಅಕ್ಕಾರು ಸ್ಟೂಲಿನ ಮೇಲೆ ಕೂತು ಬಕೆಟ್ಟನ್ನೇ ನೋಡುತ್ತಿದ್ದವರು ಕೇಳಿದರು:

"ಸರ, ಅವತ್ತ ಮೊದಲ ಬಂದಿದ್ದು ಯಾವುದು? ಕರೆಂಟೋ, ನೀರೋ?"

ನೀರು, ಎಂದೆ. ಕರೆಂಟು ಬರುವಷ್ಟರಲ್ಲಿ ಹಳ್ಳ ಆಗಲೇ ಫ್ಲೋಟಿನ ಮಟ್ಟ ದಾಟಿತ್ತು.

ಅವರು ಎದ್ದು ಪೆಟ್ಟಿಗೆ ಆರಿಸಿದರು. ಫ್ಲೋಟನ್ನು ನೀರಿನಲ್ಲಿಯೇ ಬಿಟ್ಟು ಗುಂಡಿ ಒತ್ತಿದರು. ಪೆಟ್ಟಿಗೆಗೆ ಜೋಡಿಸಿದ್ದ ತೆರೆಯ ಮೇಲೆ ಸಾಲುಗಳು ಓಡಿದವು, ಅರ್ಧಕ್ಕೆ ನಿಂತವು. ಪೆಟ್ಟಿಗೆ ತಾನಾಗಿ ಮತ್ತೆ ಶುರುವಾಯಿತು. ಅದೇ ಜಾಗದಲ್ಲಿ ಮತ್ತೆ ಬಿತ್ತು. ಎದ್ದು, ಬಿದ್ದು, ಮತ್ತೆ ಎದ್ದು, ಮತ್ತೆ ಬಿದ್ದು. ಅಷ್ಟೂ ಹೊತ್ತು ಮುಂದಿನ ದೀಪ ಮಾತ್ರ ಚೆನ್ನಾಗಿ ಉರಿಯುತ್ತಿತ್ತು.

ಅವರು ಪ್ರೋಗ್ರಾಮನ್ನು ತೆರೆದು ಒಂದು ಕಡೆ ಬೆರಳಿಟ್ಟರು. ಫ್ಲೋಟಿನ ಕರೆಗೆ ಕಿವಿ ತೆರೆಯುವ ಸಾಲು ಮೇಲಿತ್ತು. ಆ ಕರೆಯನ್ನು ನೋಡಿಕೊಳ್ಳುವ ಭಾಗವನ್ನು ಸಿದ್ಧಪಡಿಸುವ ಸಾಲು ಅದರ ಕೆಳಗಿತ್ತು. ಒಣ ದಿನಗಳಲ್ಲಿ ಆ ಎರಡು ಸಾಲುಗಳ ನಡುವಿನ ಕಣ್ಣೆವೆ ಇಕ್ಕುವಷ್ಟು ಹೊತ್ತಿನಲ್ಲಿ ಯಾರೂ ಕರೆಯುತ್ತಿರಲಿಲ್ಲ, ಆದ್ದರಿಂದ ತಪ್ಪು ಕಾಣುತ್ತಿರಲಿಲ್ಲ. ಆ ನಸುಕಿನಲ್ಲಿ ಪೆಟ್ಟಿಗೆ ಕಣ್ಣು ಬಿಡುವ ಮೊದಲೇ ನೀರು ಬಾಗಿಲಲ್ಲಿತ್ತು. ಕಿವಿ ತೆರೆದ ಕ್ಷಣವೇ ಕರೆ ಒಳಗೆ ಬಂದಿತ್ತು.

"ನಿಮ್ಮ ಫ್ಲೋಟ್ ಸರಿ ಐತ್ರಿ ಸರ," ಅಂದರು. "ತಪ್ಪ ನಂದು."

ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಅದು ಇಳಿದು ಎಲ್ಲಿ ಹೋಗಿ ಕೂತಿತು ಎಂಬುದು ಅವರ ಮುಖ ನೋಡಿದಾಗ ತಿಳಿಯಿತು. ಯಾರಿಗೂ ಅಲ್ಲ ಎನ್ನುವ ಹಾಗೆ, "ವರ್ಷಾ ವರ್ಷಾ ಇದನ್ನ ಕಲಸ್ತೇನ್ರಿ ನಾ," ಅಂದರು.

ಪ್ರಾಂಶುಪಾಲರು ಕೆಟ್ಟವರೇನಲ್ಲ. ಬ್ಯಾಟರಿ ಮುಗಿದಿತ್ತು ಎಂದು ಹೇಳಿದರೆ ಸಾಕು, ಅದು ಸುಳ್ಳೂ ಅಲ್ಲ, ಕಾಲೇಜಿನ ಮಾನವೂ ಉಳಿಯುತ್ತದೆ ಎಂದು ಸಮಾಧಾನದ ದಾರಿ ತೋರಿಸಿದರು. ಅಕ್ಕಾರು ವಾದಿಸಲಿಲ್ಲ. ಮರುದಿನಕ್ಕೆ ಒಂದು ದಿನದ ರಜೆ ಕೇಳಿದರು. ನಾನೂ ಕೇಳಿದೆ.

ರಾಮದುರ್ಗದ ಓಣಿಯಲ್ಲಿ ನೀರು ಇಳಿದಿತ್ತು. ಗೋಡೆಗಳ ಮೇಲೆ ಸೊಂಟದೆತ್ತರಕ್ಕೆ ಕೆಸರಿನ ಗೆರೆ ಉಳಿದಿತ್ತು. ಕಟ್ಟಿದ ಹಗ್ಗಗಳ ಮೇಲೆಲ್ಲ ನೂಲಿನ ಲಡಿಗಳನ್ನು ಒಣಹಾಕಿದ್ದರು, ಬಣ್ಣ ಒಂದಕ್ಕೊಂದು ಹತ್ತಿ ಯಾವುದೂ ಯಾವ ಬಣ್ಣವೂ ಆಗಿರಲಿಲ್ಲ. ದೊಡ್ಡವ್ವ ಮಗ್ಗದ ಮುಂದೆ ಕೂತು ಕೆಟ್ಟ ಹಾಸನ್ನು ಕತ್ತರಿಯಿಂದ ಕತ್ತರಿಸಿ ತೆಗೆಯುತ್ತಿದ್ದಳು. ಸಾಕಿದ ಮಗಳನ್ನು ನೋಡಿ, "ಬಂದೇನವಾ," ಅಂದಳು, ಕೈ ನಿಲ್ಲಿಸಲಿಲ್ಲ.

ಓಣಿಯವರು ಸೇರಿದರು. ಅಕ್ಕಾರು ದೊಡ್ಡವ್ವನ ಹೊಸ್ತಿಲ ಹೊರಗೆ, ರಾಡಿಯಲ್ಲಿ ನಿಂತು ಹೇಳಿದರು. ಕ್ಲಾಸಿನಲ್ಲಿ ಮಾತಾಡುವ ದನಿಯಲ್ಲೇ ಹೇಳಿದರು.

"ಪೆಟ್ಟಿಗಿ ಕೆಟ್ಟಿರಲಿಲ್ಲ. ಈ ಸರ್ ಮಾಡಿದ ಕೆಲಸಾನೂ ಸರಿ ಇತ್ತು. ಅದರೊಳಗಿಂದು ಬರದಾಕಿ ನಾನು. ನಾ ಬರದದ್ದು ತಪ್ಪಾಗಿತ್ತು. ಅದಕ್ಕ ಕೂಗಲಿಲ್ಲ."

ಯಾರೂ ಇದನ್ನು ನಿರೀಕ್ಷಿಸಿರಲಿಲ್ಲ. ಹಿರಿಯರೊಬ್ಬರು, ಹೋಗಲಿ ಬಿಡವಾ, ಮಷಿನ್ನು ಅಂದಮೇಲೆ ಹಾಗೇ ಎಂದು ಮುಗಿಸಲು ನೋಡಿದರು. ಡ್ರೈವರ್ ಮುಂದೆ ಬಂದ. ಹಿಂದಿನ ದಿನವಷ್ಟೇ ಊರಿಗೆ ಮರಳಿದ್ದ.

"ಅಕ್ಕಾರ, ಮೊದಲ ಪಾಳಿ ಪ್ರಕಾರ ಕಟ್ಟಿ ಮ್ಯಾಲ ಕುಂದರ್ತಿದ್ವಿ," ಅಂದ. "ನಿಮ್ಮ ಪೆಟ್ಟಿಗಿ ಬಂತಂತ ಬಿಟ್ವಿ. ಅದನ್ನ ನಂಬಿ ನಾ ಗಾಡಿ ತಗೊಂಡು ಪುಣೆಕ್ಕ ಹೋಗಿದ್ದೆ. ಮಂಚದ ಮ್ಯಾಲ ನಮ್ಮ ಅಬ್ಬಾನ ಎದಿಮಟಾ ನೀರ ಬಂದಿತ್ತು."

ದನಿ ಏರಿಸಿರಲಿಲ್ಲ. ಏರಿಸಿದ್ದರೆ ಕೇಳುವುದು ಸುಲಭವಾಗುತ್ತಿತ್ತು.

"ಖರೆ ಐತಿ," ಅಂದರು ಅಕ್ಕಾರು. ಆಮೇಲೆ, "ಮತ್ತ ಹಚ್ಚತೇನಿ ಅಂತ ಇವತ್ತ ಕೇಳಂಗಿಲ್ಲ. ಸರಿ ಮಾಡಿ ತಂದು ನಿಮ್ಮ ಕಣ್ಣಮುಂದ ನೀರಾಗಿಟ್ಟು ತೋರಸ್ತೇನಿ. ಬೇಕೋ ಬ್ಯಾಡೋ ನೀವ ಹೇಳ್ರಿ," ಎಂದರು.

ಅವನು ಒಳಗೆ ಹೋದ. ಜನ ಚದುರಿದರು. ದೊಡ್ಡವ್ವ ಇನ್ನೊಂದು ಕತ್ತರಿಯನ್ನು ಮಗಳ ಕಡೆ ಚಾಚಿದಳು. ಅಕ್ಕಾರು ಸೀರೆ ಎತ್ತಿ ಕಟ್ಟಿ ಕೆಸರು ತುಂಬಿದ ಕುಣಿಯ ಅಂಚಿನಲ್ಲಿ ಕೂತರು. ಇಬ್ಬರೂ ಸೇರಿ ಎಳೆ ಎಳೆಯಾಗಿ ಹಾಸನ್ನು ಬಿಡಿಸಿ ತೆಗೆದರು. ನಾನು ಹೊರಗೆ ಕೂತು ಲಡಿಗಳನ್ನು ಬಿಸಿಲಿಗೆ ತಿರುವಿ ಹಾಕುತ್ತಿದ್ದೆ. ಹೊತ್ತು ಇಳಿದ ಮೇಲೆ ದೊಡ್ಡವ್ವ ರೊಟ್ಟಿ ಬಡಿದಳು.

ಎರಡು ಸಾಲುಗಳನ್ನು ಅದಲು ಬದಲು ಮಾಡಿದರೆ ಕೆಲಸ ಮುಗಿಯಿತು ಎಂದು ನಾನು ತಿಳಿದಿದ್ದೆ. ಅಕ್ಕಾರೂ ಹಾಗೆಯೇ ತಿಳಿದಿದ್ದರು. ಎಲ್ಲ ಸಿದ್ಧವಾಗುವ ತನಕ ಪೆಟ್ಟಿಗೆ ಕಿವಿ ಮುಚ್ಚಿಕೊಂಡಿರುವ ಹಾಗೆ ತಿದ್ದಿದರು. ಫ್ಲೋಟನ್ನು ನೀರಿನಲ್ಲಿಟ್ಟು ಹಚ್ಚಿದೆವು. ಈ ಸಲ ಬೀಳಲಿಲ್ಲ. ನೆಟ್ಟಗೆ ಎದ್ದು ಕೂತಿತು. ನಾನು ಸೈರನ್ನಿಗಾಗಿ ಕಾದೆ. ಕೂಗಲಿಲ್ಲ.

"ಇದು ಇನ್ನೂ ಕೆಟ್ಟದ್ರಿ ಸರ," ಅಂದರು. "ಬಿದ್ದಿದ್ದರ ಬಿತ್ತು ಅಂತರೆ ತಿಳೀತಿತ್ತು. ಈಗ ಅರಾಮ್ ಎದ್ದು ಕುಂತೈತಿ, ಏನೂ ಕೇಳಿಲ್ಲ."

ಕಾರಣ ಅವರಿಗೆ ಬೇಗ ಹೊಳೆಯಿತು. ಫ್ಲೋಟು ಮೇಲೇಳುವಾಗ, ಇಲ್ಲವೆ ಆಗಲೇ ಮೇಲೆದ್ದ ಫ್ಲೋಟಿಗೆ ಕರೆಂಟು ಬಂದಾಗ, ಅದು ಕರೆಯುವುದು ಒಂದೇ ಸಲ. ಆಮೇಲೆ ನೀರು ಎಷ್ಟು ಹೊತ್ತು ನಿಂತರೂ ಅದು ಮತ್ತೆ ಕರೆಯುವುದಿಲ್ಲ. ಕಿವಿ ಮುಚ್ಚಿಕೊಂಡಿದ್ದಾಗ ಬಂದು ಹೋದ ಕರೆಯನ್ನು ತಾವೇ ಅಳಿಸಿ ಹಾಕಿ, ಇನ್ನೊಂದು ಕರೆ ಬರಲೆಂದು ಕಾಯುವ ಹಾಗೆ ಬರೆದಿದ್ದರು. ಇನ್ನೊಂದು ಕರೆ ಬರುವಂತೆಯೇ ಇರಲಿಲ್ಲ. ಕಿವಿ ತೆರೆದ ಕೂಡಲೇ ಪೆಟ್ಟಿಗೆ ತಾನಾಗಿಯೇ ಹೋಗಿ ಫ್ಲೋಟನ್ನು ಒಮ್ಮೆ ನೋಡಿ ಬರಬೇಕು, ತಾನು ಏಳುವ ಮೊದಲೇ ಯಾರಾದರೂ ಬಂದಿದ್ದಾರೆಯೇ ಎಂದು. ಅಷ್ಟನ್ನು ಸೇರಿಸಿದರು. ಹಚ್ಚಿದ ಕೂಡಲೆ ಸೈರನ್ ಎಷ್ಟು ಜೋರಾಗಿ ಕೂಗಿತೆಂದರೆ ಪಕ್ಕದ ಕ್ಲಾಸಿನವರು ಹೊರಗೆ ಓಡಿ ಬಂದರು.

ಅಷ್ಟಕ್ಕೆ ಬಿಡಲಿಲ್ಲ. ಆಗಿನಿಂದ ಅವರಿಗೆ ತಮ್ಮ ಬರವಣಿಗೆಯ ಮೇಲೆ ನಂಬಿಕೆ ಹೋಗಿತ್ತು. ಪೆಟ್ಟಿಗೆಯನ್ನು ಮನೆಗೆ ಒಯ್ದು, ಅರ್ಧ ಎದ್ದಾಗ ಕರೆಂಟು ತೆಗೆದು, ಎದ್ದ ಮರುಕ್ಷಣ ನೀರಿನಿಂದೆತ್ತಿ, ಮತ್ತೆ ಮುಳುಗಿಸಿ, ಬಗೆಬಗೆಯಾಗಿ ಪೀಡಿಸಿದರು. ಸ್ನಾನದ ಮನೆಯಲ್ಲಿ ಬಕೆಟ್ಟು ಇರುವುದೇ ಇಲ್ಲ ಎಂದು ಅವರ ಯಜಮಾನರು ನನ್ನ ಹತ್ತಿರ ದೂರು ಹೇಳಿದರು. ಹೇಳುವಾಗ ನಗುತ್ತಿದ್ದರು. ಆಮೇಲೆ ನಗು ನಿಲ್ಲಿಸಿ, ಆಕೆ ಸರಿಯಾಗಿ ಉಣ್ಣುತ್ತಿಲ್ಲ ಎಂದೂ ಹೇಳಿದರು.

ಆ ವರ್ಷ ಅದೇ ಅಧ್ಯಾಯ ಬಂದಾಗ ನಡೆದದ್ದನ್ನೆಲ್ಲ ಹುಡುಗರಿಗೆ ಹೇಳಿದರಂತೆ. ತಮ್ಮ ಎರಡು ಸಾಲುಗಳನ್ನು ಬೋರ್ಡಿನ ಮೇಲೆ ಇದ್ದ ಹಾಗೆಯೇ ಬರೆದು, ಇದರಲ್ಲಿ ಏನು ತಪ್ಪಿದೆ ಎಂದು ಕೇಳಿದರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೂಡಲೇ ಹೇಳಿದಳು. ಹೌದು, ಇಷ್ಟು ಸುಲಭವಾಗಿ ಕಾಣುವಂಥದ್ದೇ ಎಂದು ಅವರು ಒಪ್ಪಿದರು. ಆಗ ಆ ಕ್ಲಾಸಿನಲ್ಲಿದ್ದ ಒಬ್ಬ ವಿದ್ಯಾರ್ಥಿ, ಅಕ್ಕಾರು ತೀರಿಕೊಂಡಾಗ ಅವರ ಮನೆಯ ಅಂಗಳದಲ್ಲಿ ನನಗಿದನ್ನು ಹೇಳಿದ. ಅವನು ಈಗ ಸವದತ್ತಿಯಲ್ಲಿ ಪಂಪಿನ ಪ್ಯಾನೆಲ್ ಕಟ್ಟುವ ಸ್ವಂತ ಅಂಗಡಿ ಇಟ್ಟಿದ್ದಾನೆ. ಪ್ಯಾನೆಲ್ಲನ್ನು ಗಿರಾಕಿಗೆ ಕೊಡುವ ಮೊದಲು ಎಲ್ಲ ಕ್ರಮದಲ್ಲೂ ಆರಿಸಿ ಹಚ್ಚಿ ನೋಡುತ್ತಾನಂತೆ.

ಪೆಟ್ಟಿಗೆಯನ್ನು ಮತ್ತೆ ಓಣಿಗೆ ಒಯ್ದ ದಿನ ಭಾಷಣವಿರಲಿಲ್ಲ. ಒಂದು ಪೀಪಾಯಿ ತುಂಬ ನೀರು ತುಂಬಿಸಿ, ಫ್ಲೋಟನ್ನು ಮೊದಲೇ ಅದರಲ್ಲಿ ಮುಳುಗಿಸಿಟ್ಟು ಹಚ್ಚಿದರು. ಕೂಗಿತು. ಆರಿಸಿ ಮತ್ತೆ ಹಚ್ಚಿದರು. ಕೂಗಿತು. ಡ್ರೈವರ್ ಕೈಕಟ್ಟಿ ನಿಂತು ನೋಡುತ್ತಿದ್ದ. ಕೊನೆಗೆ, ಹಚ್ಚಿಕೊಳ್ಳಿ, ಆದರೆ ನಾವು ಕಟ್ಟೆಯ ಮೇಲೆ ಕೂಡುವುದನ್ನು ಇನ್ನು ಬಿಡುವುದಿಲ್ಲ ಎಂದ.

"ಬಿಡಬ್ಯಾಡ್ರಿ," ಅಂದರು ಅಕ್ಕಾರು. "ಅದನ್ನ ಹೇಳಾಕ ಬಂದೇನಿ ನಾ."

ಅವನು ತಲೆಯಾಡಿಸಿ ಹೋದ. ಆಮೇಲೆ ಹಲವು ಸಲ ನಾವು ಪೆಟ್ಟಿಗೆ ನೋಡಲು ಹೋದಾಗಲೂ ಅವನು ಅಕ್ಕಾರ ಜೊತೆ ಮಾತಾಡಲಿಲ್ಲ. ಅವರು ಅದನ್ನು ತಪ್ಪೆಂದು ತಿಳಿಯಲಿಲ್ಲ.

ಮತ್ತೊಂದು ಮಳೆಗಾಲದಲ್ಲಿ ನವಿಲುತೀರ್ಥದ ಅಣೆಕಟ್ಟು ತುಂಬಿ, ನದಿ ಎರಡೂ ದಂಡೆ ಹಿಡಿದು ಹರಿಯತೊಡಗಿತು. ಅದರ ಮೇಲೆ ಹಳ್ಳದ ಕಡೆಯೂ ಬಿರುಸಾದ ಮಳೆ ಬಿತ್ತು. ಒಂದು ಮಧ್ಯಾಹ್ನ ನಾನು ಸ್ಟಾಫ್ ರೂಮಿನಲ್ಲಿದ್ದೆ. ಅಕ್ಕಾರು ಕ್ಲಾಸು ಮುಗಿಸಿ ಬಂದು ಫೋನ್ ನೋಡಿದರು. ದೊಡ್ಡವ್ವ ಹಲವು ಸಲ ಕರೆದಿದ್ದಳು. ಅವರು ಕೂಡಲೇ ಮರಳಿ ಫೋನ್ ಮಾಡಿದರು. ಆಚೆಯ ಮಾತು ನನಗೆ ಕೇಳಿಸುತ್ತಿರಲಿಲ್ಲ. ಎಲ್ಲಾರೂ ಬಂದಾರೇನು, ಮಗ್ಗ ಹೋಗಲಿ, ಎಲ್ಲಾರೂ ಮ್ಯಾಲ ಬಂದಾರೇನು ಎಂದು ಇವರು ಮತ್ತೆ ಮತ್ತೆ ಕೇಳುತ್ತಿದ್ದರು. ಫೋನ್ ಇಟ್ಟು, "ಸವದತ್ತಿ ಮ್ಯಾಲ ರಾಮದುರ್ಗಕ್ಕ ಹೋಗೋ ಬಸ್ ಎಷ್ಟೊತ್ತಿಗೈತ್ರಿ ಸರ?" ಅಂದರು.

ದಾರಿಯಲ್ಲಿ ಸ್ವಲ್ಪ ಸ್ವಲ್ಪವಾಗಿ ಹೇಳಿದರು. ಕರೆಂಟು ಹೋಗಿತ್ತು, ಬ್ಯಾಟರಿಯೂ ಮುಗಿದಿತ್ತು. ಕಟ್ಟೆಯ ಮೇಲೆ ಪಾಳಿಗಿದ್ದವನು, ಗಾಳಿಗೆ ತನ್ನ ಮನೆಯ ಚಾವಣಿಯ ತಗಡು ಹಾರಿತೆಂದು ಅತ್ತ ಓಡಿದ್ದ. ಆ ಹೊತ್ತಿನಲ್ಲೇ ಹಳ್ಳ ಉಬ್ಬಿತು. ಅದಾದ ಮೇಲೆ ಕರೆಂಟು ಬಂತು. ಪೆಟ್ಟಿಗೆ ಎದ್ದಿತು, ಕೂಗಿತು. ಜನ ಮಗ್ಗದಿಂದ ಹಾಸನ್ನು ಬಿಚ್ಚಿಕೊಂಡು ಹೋಗುವಷ್ಟು ಸಮಯ ಸಿಕ್ಕಿತ್ತಂತೆ. ಇದನ್ನೆಲ್ಲ ಹೇಳುವಾಗ ಅವರ ಮುಖದಲ್ಲಿ ಗೆಲುವಿರಲಿಲ್ಲ. ತಮ್ಮ ಕಣ್ಣಿಂದ ಎಣಿಸಿ ನೋಡುವ ತನಕ ನಂಬುವುದಿಲ್ಲ ಎಂಬ ಹಾಗಿದ್ದರು.

ಓಣಿಯವರು ದಿನ್ನೆಯ ಮೇಲಿನ ಶಾಲೆಯ ಪ್ರಾಂಗಣದಲ್ಲಿದ್ದರು. ಕತ್ತಲಾಗಲು ಇನ್ನೂ ಹೊತ್ತಿತ್ತು. ಕೆಳಗೆ ಓಣಿಯ ಬದಲು ಕೆಂಪು ನೀರು ಕಾಣುತ್ತಿತ್ತು. ದೊಡ್ಡವ್ವ ಸುತ್ತಿದ ಹಾಸನ್ನು ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅಕ್ಕಾರು ಒಬ್ಬೊಬ್ಬರ ಹತ್ತಿರವೂ ಹೋಗಿ ಮುಖ ನೋಡಿ ಬಂದರು. ಕೊನೆಯಲ್ಲಿ ಆ ಮಂಚವಿತ್ತು. ಒಣ ಕಂಬಳಿ ಹೊದಿಸಿದ್ದರು. ಅಕ್ಕಾರು ಸ್ವಲ್ಪ ದೂರದಲ್ಲೇ ನಿಂತರು.

ಡ್ರೈವರ್ ಒಂದು ಕೈಯಲ್ಲಿ ಚಹಾದ ಕಪ್ಪು ಹಿಡಿದು ಬಂದ. ಇನ್ನೊಂದು ಕೈಯಿಂದ ಮಂಚದ ತುದಿಯ ಕಂಬಳಿ ಸರಿಸಿ ಜಾಗ ಮಾಡಿದ.

"ಕುಂದರ್ರಿ ಅಕ್ಕಾರ. ಚಾ ತಗೋರಿ."

ಅವರು ಕೂತರು. ಮುದುಕರು ಕಣ್ಣು ತೆರೆದು, ಯಾರೆಂದು ಮಗನ ಕಡೆ ನೋಡಿದರು. ಅವರಿಗೆ ಕಿವಿ ಕೇಳುವುದು ಅಷ್ಟಕ್ಕಷ್ಟೇ ಎಂದು ನನಗೆ ಆಗಲೇ ತಿಳಿದದ್ದು. ಮಗ ಬಾಗಿ, ಅವರ ಕಿವಿಯ ಬಳಿ ಬಾಯಿಟ್ಟು, ಪೆಟ್ಟಿಗೆಯ ಅಕ್ಕಾರು ಎಂದು ಜೋರಾಗಿ ಹೇಳಿದ. ಮುದುಕರು ಕಂಬಳಿಯೊಳಗಿನಿಂದ ಕೈ ತೆಗೆದು ಅಕ್ಕಾರ ಮಣಿಕಟ್ಟು ಹಿಡಿದುಕೊಂಡರು.

"ಕೂಗಿದ್ದು ನನಗೂ ಕೇಳಿಸ್ತವಾ," ಅಂದರು.

ಅಕ್ಕಾರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಸದ್ದಿರಲಿಲ್ಲ. ಮುದುಕರು ಕೈ ಬಿಡಲಿಲ್ಲವಾದ್ದರಿಂದ ಕಣ್ಣೊರೆಸಿಕೊಳ್ಳಲೂ ಆಗಲಿಲ್ಲ. ಇನ್ನೊಂದು ಕೈಯಲ್ಲಿ ಚಹಾ ಇತ್ತು. ಡ್ರೈವರ್ ಅದನ್ನು ಮೆಲ್ಲಗೆ ತೆಗೆದುಕೊಂಡು, ಅವರು ಸುಧಾರಿಸಿಕೊಳ್ಳುವ ತನಕ ಹಿಡಿದು ನಿಂತ.

ಅಂದು ಅಲ್ಲಿಯೇ ಉಳಿದೆವು. ಬೆಳಿಗ್ಗೆ ನೀರು ಇಳಿಯುತ್ತಿರುವುದನ್ನು ನೋಡಿಕೊಂಡು ಬಸ್ ಹತ್ತಿದೆವು. ಮಳೆ ನಿಂತು ಎಳೆ ಬಿಸಿಲು ಬಿದ್ದಿತ್ತು. ಅಕ್ಕಾರು ಕಿಟಕಿಯ ಪಕ್ಕ ಕೂತರು. ಊರು ದಾಟುವ ಮೊದಲೇ ಅವರ ತಲೆ ಕಿಟಕಿಯ ಸರಳಿಗೆ ವಾಲಿತು. ಸವದತ್ತಿಯಲ್ಲಿ ಜನ ಹತ್ತಿದರು, ಇಳಿದರು, ಶೇಂಗಾ ಮಾರುವವಳು ಕೂಗಿ ಹೋದಳು, ಒಂದು ಮಗು ದಾರಿಯುದ್ದಕ್ಕೂ ಅತ್ತಿತು. ಅವರಿಗೆ ಯಾವುದರ ಎಚ್ಚರವೂ ಇರಲಿಲ್ಲ. ಎಷ್ಟು ದಿನಗಳ ನಿದ್ದೆಯೋ ಅದು.

ಬೈಲಹೊಂಗಲದ ನಿಲ್ದಾಣದಲ್ಲಿ ಎಲ್ಲರೂ ಇಳಿದು ಬಸ್ ಖಾಲಿಯಾಯಿತು. ಕಂಡಕ್ಟರ್ ನಮ್ಮ ಸೀಟಿನ ಬಳಿ ಬಂದು ಎಬ್ಬಿಸಲು ಬಾಗಿದ. ಸ್ವಲ್ಪ ತಡೆಯಿರಿ ಎಂದು ನಾನು ಕೈಸನ್ನೆ ಮಾಡಿದೆ. ಅವನು ಅವರ ಮುಖವನ್ನೊಮ್ಮೆ ನೋಡಿದ. ಚಾ ಕುಡಿದು ಬರುತ್ತೇನೆ ಎಂದು ಪಿಸುಗುಟ್ಟಿ, ಬಾಗಿಲನ್ನು ಸದ್ದಾಗದ ಹಾಗೆ ಎಳೆದುಕೊಂಡು ಇಳಿದು ಹೋದ.